ಆರನೇ ನಂಬರಿನ ಪೇಷಂಟ್

ಸಿಸ್ಟರ್ ತೀರಿಕೊಂಡ ಸುದ್ದಿಯನ್ನು ಮೊನ್ನೆ ಒಂದು ಮದುವೆ ಮನೆಯಲ್ಲಿ ರಾಮಣ್ಣ ಹೇಳಿದ. ಪಂಕ್ತಿಯಲ್ಲಿ ನನ್ನ ಪಕ್ಕ ಕೂತು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, "ನಮ್ಮ ಸಿಸ್ಟರ್ ಹೋಗ್ಬಿಟ್ರಂತೆ ಕಣಯ್ಯಾ" ಎಂದ. ನಾನು ಮೊದಲು ಮಾಡಿದ ಕೆಲಸವೆಂದರೆ ಎಡಗೈ ಎತ್ತಿ ಉಗುರು ನೋಡಿಕೊಂಡದ್ದು. ರಾಮಣ್ಣನೂ ನೋಡಿಕೊಂಡ. ಇಬ್ಬರ ಉಗುರೂ ಸ್ವಲ್ಪ ಬೆಳೆದಿದ್ದವು. ನಾವಿಬ್ಬರೂ ಮೊಮ್ಮಕ್ಕಳನ್ನು ಕಂಡವರು, ಅವರ ಮನೆ ಖಾಲಿ ಮಾಡಿ ಎಷ್ಟೋ ಕಾಲವಾಗಿದೆ, ಆದರೂ ಆ ಭಯ ಹೋಗಿಲ್ಲ. ಸತ್ತವರಿಗೆ ಸಲ್ಲಿಸುವ ಶ್ರದ್ಧಾಂಜಲಿ ಹೀಗಿರುವುದಿಲ್ಲವೆಂದು ನನಗೆ ಗೊತ್ತು. ಆದರೆ ಅವರಿಗೆ ಇದಕ್ಕಿಂತ ತೃಪ್ತಿ ಕೊಡುವಂಥದ್ದು ಬೇರೆ ಇರಲಾರದು.

ಎಪ್ಪತ್ತರ ದಶಕದಲ್ಲಿ ಗೋವಿಂದರಾಜನಗರದಲ್ಲಿ ಅವರದು ಒಂದೇ ಸಾಲಿನ ಐದು ಹೆಂಚಿನ ಮನೆ. ಮೊದಲನೆಯದರಲ್ಲಿ ಅವರು, ಉಳಿದ ನಾಲ್ಕರಲ್ಲಿ ನಾವು ಬಾಡಿಗೆಯವರು. ದೊಡ್ಡ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಹೆಡ್ ನರ್ಸ್ ಆಗಿದ್ದು ನಿವೃತ್ತರಾಗಿದ್ದರು. ಸರ್ಕಾರ ಅವರನ್ನು ನಿವೃತ್ತಿ ಮಾಡಿತ್ತೇ ಹೊರತು ಅವರು ಅದನ್ನು ಒಪ್ಪಿಕೊಂಡಿರಲಿಲ್ಲ. ಯಾವಾಗಲೂ ಬಿಳಿ ಸೀರೆ. ಅದು ಹಳೆಯ ಕೆಲಸದ್ದೋ, ಗಂಡ ಹೋದದ್ದರದೋ, ಕೇಳುವ ಧೈರ್ಯ ನಮಗಿರಲಿಲ್ಲ. ನಮ್ಮ ಹೆಸರುಗಳನ್ನು ಅವರು ಬಳಸಿದ್ದೇ ಇಲ್ಲ. ಮಿಲ್ಲಿನಲ್ಲಿ ಕೆಲಸಕ್ಕಿದ್ದ ರಾಮಣ್ಣ ಮತ್ತು ಅವನ ಹೆಂಡತಿ ಜಯಮ್ಮ ಮೂರನೇ ನಂಬರ್. ರಾಜಾಜಿನಗರದ ಒಂದು ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತನಾಗಿದ್ದ, ಇನ್ನೂ ಮದುವೆಯಾಗದ ನಾನು ನಾಲ್ಕನೇ ನಂಬರ್. ಮನೆ ನಂಬರೇ ಅದು, ಆದರೆ ಅವರ ಬಾಯಲ್ಲಿ ಹಾಸಿಗೆಯ ನಂಬರಿನಂತೆ ಕೇಳಿಸುತ್ತಿತ್ತು.

ಬೆಳಿಗ್ಗೆ ನಲ್ಲಿಯಲ್ಲಿ ನೀರು ಬರುವ ಮೊದಲೇ ಅವರ ರೌಂಡ್ಸ್ ಶುರು, ಸಂಜೆ ಇನ್ನೊಂದು ಸುತ್ತು. ಕೈಯಲ್ಲಿ ಟಾರ್ಚು, ಸೊಂಟದಲ್ಲಿ ಕರವಸ್ತ್ರ. ಬಾಗಿಲು ತೆಗೆದವರು ಬಾಯಿ ತೆಗೆಯಬೇಕು, ನಾಲಿಗೆ ತೋರಿಸಬೇಕು, ಉಗುರು ತೋರಿಸಬೇಕು. ಯಾರೋ ದೊಡ್ಡವರ ಭೇಟಿಗೆ ಸಜ್ಜಾಗುವ ವಾರ್ಡಿನಂತೆ ನಮ್ಮ ಸಾಲು ದಿನವೂ ಸಜ್ಜಾಗುತ್ತಿತ್ತು, ಬರುವ ದೊಡ್ಡವರು ಮಾತ್ರ ಅವರೊಬ್ಬರೇ. ನನ್ನನ್ನು ನೋಡಲು ಹುಡುಗಿಯ ತಂದೆ ಬಂದ ಸಂಜೆಯೂ ಅವರು ರೌಂಡ್ಸ್ ಬಿಡಲಿಲ್ಲ. ನಾನು ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು, ಭಾವಿ ಮಾವನವರ ಮುಂದೆ ಕೈಕಟ್ಟಿ ಕೂತು ಸಂಬಳ, ಗೋತ್ರ ಹೇಳುತ್ತಿದ್ದಾಗ ಬಾಗಿಲಲ್ಲಿ ಬಿಳಿ ಸೀರೆ ಕಾಣಿಸಿತು.

"ನಾಲ್ಕನೇ ನಂಬರ್, ಮೋಷನ್ ಆಯ್ತಾ?"

"ಆಯ್ತು ಸಿಸ್ಟರ್."

"ಸಲೀಸಾಗಿ ಆಯ್ತಾ?"

ಆ ಸಂಬಂಧ ಕೂಡಿಬಂತು. ಇಷ್ಟು ನಿಗಾ ಇಡುವವರ ಕಣ್ಣೆದುರು ಹುಡುಗ ಕೆಡುವುದಕ್ಕೆ ಸಾಧ್ಯವೇ ಇಲ್ಲ ಎಂದು ಮಾವನವರು ತೀರ್ಮಾನಿಸಿದರಂತೆ. ಅದು ನಿಜವೂ ಆಗಿತ್ತು.

ನೆಂಟರಿಷ್ಟರು ಬರುವುದಕ್ಕೆ ಸಂಜೆ ನಾಲ್ಕರಿಂದ ಆರರವರೆಗೆ ಸಮಯ. ಆರಕ್ಕೆ ಹಿತ್ತಾಳೆ ಗಂಟೆ. ತುಮಕೂರಿನಿಂದ ಬಂದ ನನ್ನ ಸೋದರಮಾವ ಬಸ್ಸು ತಡವಾಗಿ ಆರೂವರೆಗೆ ಬಂದರೆಂದು ಅವರನ್ನು ಜಗಲಿಯ ಮೇಲೆಯೇ ಕೂರಿಸಿ, ಕಿಟಕಿಯಿಂದ ಮಾತಾಡಿಸಿ ಕಳಿಸಬೇಕಾಯಿತು. ಮಾವ ಊರಿಗೆ ಹೋಗಿ ನಾನು ಜೈಲಿನಲ್ಲಿದ್ದೇನೆಂದು ಹೇಳಿದರು. ತಾಯಿ ಅತ್ತರಂತೆ.

ಇಷ್ಟು ದರ್ಬಾರು ಮಾಡುತ್ತಿದ್ದವರು ಡಾಕ್ಟರೆಂಬ ಒಂದು ಶಬ್ದಕ್ಕೆ ಮಾತ್ರ ಬಗ್ಗುತ್ತಿದ್ದರು. ಅವರ ಕಾಲದ ನರ್ಸುಗಳು ಡಾಕ್ಟರ್ ವಾರ್ಡಿಗೆ ಬಂದರೆ ಎದ್ದು ನಿಲ್ಲಬೇಕು, ಡಾಕ್ಟರ್ ಮಾತಿಗೆ ಎದುರಾಡಬಾರದು, ಡಾಕ್ಟರ್ ತಪ್ಪು ಹೇಳಿದರೂ 'ಯೆಸ್ ಡಾಕ್ಟರ್' ಅನ್ನಬೇಕು. ಅದು ಅವರ ಮೂಳೆಗೆ ಇಳಿದಿತ್ತು. ಒಮ್ಮೆ ರೇಡಿಯೋದಲ್ಲಿ ಯಾರೋ ಡಾಕ್ಟರು ಹಲ್ಲಿನ ಆರೋಗ್ಯದ ಬಗ್ಗೆ ಭಾಷಣ ಮಾಡುತ್ತಿದ್ದರು. ನಾನು ಬಾಡಿಗೆ ಕೊಡಲು ಹೋದವನು ನೋಡುತ್ತೇನೆ, ಸಿಸ್ಟರ್ ಟ್ರಾನ್ಸಿಸ್ಟರಿನ ಮುಂದೆ ಕೈ ಹಿಂದೆ ಕಟ್ಟಿಕೊಂಡು ನೆಟ್ಟಗೆ ನಿಂತಿದ್ದಾರೆ. ಭಾಷಣ ಮುಗಿದು ಸುಗಮ ಸಂಗೀತ ಶುರುವಾದ ಮೇಲೆಯೇ ಕೂತದ್ದು.

ಇಂಥವರ ಸಾಲಿಗೆ ಒಂದು ದಿನ ಗೋಸುಂಬೆ ಬಂತು.

ಆಗ ಮಾರೇನಹಳ್ಳಿ ಕಡೆಗೆ ಇನ್ನೂ ಬಯಲು, ಲಂಟಾನ ಬೇಲಿ. ಸೈಟು ಮಾಡುವವರು ಬೇಲಿ ಕಡಿಯಲು ಶುರು ಮಾಡಿದ್ದರಿಂದ ಅಲ್ಲಿದ್ದ ಹಾವು, ಓತಿಕ್ಯಾತ, ಮುಂಗುಸಿಗಳೆಲ್ಲ ದಿಕ್ಕಾಪಾಲಾಗಿ ನಮ್ಮ ಬಡಾವಣೆಯಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದವು. ಹಾಗೆ ಬಂದ ಗೋಸುಂಬೆಯೊಂದು ಸಿಸ್ಟರ್ ಒಣಗಿಹಾಕಿದ್ದ ಬಿಳಿ ಸೀರೆಯ ಮೇಲೆ ಹತ್ತಿ ಕೂತಿತ್ತು. ಅದರ ಮುಂಗಾಲಿನಲ್ಲಿ ಕತ್ತಿ ತಾಗಿದ ಗಾಯ. ಜಯಮ್ಮ ಕಿರುಚಿದಳು.

"ಅಯ್ಯೋ, ಅದರ ಮುಖ ನೋಡಿದ್ರೇ ದರಿದ್ರ ಕಣ್ರೀ! ಓಡ್ಸಿ ಸಿಸ್ಟರ್, ಮೈಮೇಲೆ ಉಗಿದ್ರೆ ಕೂದ್ಲೆಲ್ಲಾ ಉದುರತ್ತೆ!"

ಸಿಸ್ಟರ್ ಕನ್ನಡಕ ಹಾಕಿಕೊಂಡು ಬಂದು ಗಾಯ ನೋಡಿದರು. "ಮೊದ್ಲು ನೀನು ಗಲಾಟೆ ಕಡಿಮೆ ಮಾಡು. ಪೇಷಂಟ್ ಗಾಬರಿಯಾಗಿದಾನೆ" ಎಂದರು. ಅಲ್ಲಿಗೆ ಅಡ್ಮಿಷನ್ ಆಯಿತು. ಐದು ಮನೆಗಳಿದ್ದುದರಿಂದ ಅವನು ಆರನೇ ನಂಬರ್.

ಗಾಯಕ್ಕೆ ಅವರು ಆಸ್ಪತ್ರೆಯ ನೇರಳೆ ಔಷಧಿ ಬಳಿದರು. ಅವನು ಎಷ್ಟೇ ಬಣ್ಣ ಬದಲಾಯಿಸಲಿ, ಆ ಒಂದು ಕಾಲು ಮಾತ್ರ ಬಹಳ ದಿನ ನೇರಳೆಯಾಗಿಯೇ ಇತ್ತು. ಗಾಯ ಮಾಯಿತು. ನಲ್ಲಿಯ ಪಕ್ಕದ ಸೀಬೆ ಮರದಲ್ಲಿ ಅವನಿಗೆ ವಾಸ. ಒಂದು ಕಣ್ಣು ನಮ್ಮ ಮೇಲೆ, ಒಂದು ಕಣ್ಣು ಮಿಡತೆಯ ಮೇಲೆ ಇಟ್ಟುಕೊಂಡು, ಒಂದು ಹೆಜ್ಜೆ ಮುಂದಿಡುವುದಕ್ಕೆ ನಾಲ್ಕು ಸಲ ಹಿಂದೆ ಮುಂದೆ ತೂಗಿ, ನಮ್ಮ ಆಫೀಸಿನ ಸೂಪರಿಂಟೆಂಡೆಂಟರ ಹಾಗೆ ನಡೆಯುತ್ತಿದ್ದ. ಆ ಕಾಲದಲ್ಲಿ ಗೋಸುಂಬೆ ಎಂದರೆ ಪಕ್ಷ ಬಿಟ್ಟು ಪಕ್ಷಕ್ಕೆ ಹಾರುವವರನ್ನು ನೆನೆಸಿಕೊಂಡು ನಗುವುದು ವಾಡಿಕೆ. ರಾಮಣ್ಣ ಪೇಪರು ಓದಿದ ಮೇಲೆ ದಿನವೂ ಸೀಬೆ ಮರಕ್ಕೆ ಕೈಮುಗಿದು "ಮಾನ್ಯ ಮಂತ್ರಿಗಳೇ" ಎನ್ನುತ್ತಿದ್ದ. ಮೊದಲ ವಾರ ನಾವು ನಕ್ಕೆವು. ಆಮೇಲೂ ಅವನು ಬಿಡಲಿಲ್ಲ.

ಅವನನ್ನು ಅಲ್ಲಿಯೇ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಸಿಸ್ಟರ್ ಜೀವನವಿಡೀ ಮನುಷ್ಯರ ಬಣ್ಣ ನೋಡಿ ರೋಗ ಹೇಳಿದವರು. ಕಣ್ಣು ಹಳದಿಯಾದರೆ ಕಾಮಾಲೆ, ರೆಪ್ಪೆಯ ಒಳಗೆ ಬಿಳುಪಾದರೆ ರಕ್ತಹೀನತೆ, ತುಟಿ ಕಪ್ಪಿಟ್ಟರೆ ಉಸಿರಿನ ತೊಂದರೆ. ಈ ವಿದ್ಯೆಯನ್ನು ಅವರು ಗೋಸುಂಬೆಯ ಮೇಲೆ ಪ್ರಯೋಗಿಸಿದರು. ಹಣ್ಣೆಲೆಗಳ ನಡುವೆ ಅವನು ಹಳದಿಯಾಗಿ ಕೂತಿದ್ದ ದಿನ ಸಾಲಿನಲ್ಲಿ ಕಾಮಾಲೆಯ ಎಚ್ಚರಿಕೆ ಹೊರಟಿತು, ನಾವೆಲ್ಲ ನೀರು ಕಾಯಿಸಿ ಕುಡಿಯಬೇಕಾಯಿತು. ನಸುಕಿನಲ್ಲಿ ಟಾರ್ಚು ಬಿಟ್ಟು ನೋಡಿದರೆ ನಿದ್ದೆಯಲ್ಲಿದ್ದ ಅವನು ಬಿಳಿಚಿಕೊಂಡಿದ್ದ. "ರಕ್ತ ಇಲ್ಲ" ಎಂದರು. ಸೂರ್ಯ ಹುಟ್ಟುವ ಹೊತ್ತಿಗೆ ಕೊಂಬೆಯ ತುದಿಯಲ್ಲಿ ಮೈ ಅಗಲಿಸಿಕೊಂಡು ಕಪ್ಪಗೆ ಕೂತಿದ್ದ. "ಉಸಿರು ಸಾಲ್ತಿಲ್ಲ" ಎಂದರು. ಒಂದೇ ಬೆಳಗಿನಲ್ಲಿ ಇಷ್ಟು ರೋಗ ಬಂದು ಹೋಗುವ ಪೇಷಂಟನ್ನು ಅವರು ಸರ್ವೀಸಿನಲ್ಲೇ ನೋಡಿರಲಿಲ್ಲವಂತೆ.

ನಾನು ತಡೆಯಲಾರದೆ ಹೇಳಿದೆ. "ಸಿಸ್ಟರ್, ಅದು ಗೋಸುಂಬೆ. ಬಣ್ಣ ಬದಲಾಯಿಸೋದೇ ಅದರ ಕೆಲ್ಸ."

"ನೀವು ನರ್ಸಿಂಗ್ ಓದಿದೀರಾ?"

"ಇಲ್ಲ."

"ಮತ್ತೆ?"

ಮತ್ತೇನೂ ಇರಲಿಲ್ಲ. ನಾನು ಆಫೀಸಿಗೆ ಹೋದೆ.

ಸಂಜೆ ಬಂದು ನೋಡಿದರೆ ಅವನ ಕಂಕುಳಲ್ಲಿ ಥರ್ಮಾಮೀಟರ್. ಪಾದರಸ ಮೇಲೇರಲಿಲ್ಲ. ಸಿಸ್ಟರ್ ಅದನ್ನು ಒದರಿ, ಸ್ಪಿರಿಟ್ಟಿನಲ್ಲಿ ಒರೆಸಿ, ಅನುಮಾನ ಪರಿಹಾರಕ್ಕೆ ನನ್ನ ಬಾಯಿಗಿಟ್ಟರು. ನನಗೆ ಸರಿಯಾಗಿತ್ತು. ಅವರ ಮುಖ ಇಳಿದುಹೋಯಿತು. ಬಿಸಿಲಿನಿಂದ ಮೈ ಕಾಯಿಸಿಕೊಂಡು ಬದುಕುವ ಪ್ರಾಣಿಗೆ ಮನುಷ್ಯರ ಜ್ವರದ ಲೆಕ್ಕ ಹಿಡಿದರೆ ಅದು ದಿನವೂ ಸಾಯುತ್ತಲೇ ಇರುತ್ತದೆ ಎಂದು ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ನನಗೂ ಆಗ ಗೊತ್ತಿರಲಿಲ್ಲ.

ಅವನನ್ನು ಒಳಗೆ ಸೇರಿಸಿದರು. ಅವರ ಮನೆಯ ಹಿಂದಿನ ಕೋಣೆ, ಹಿಂದೊಮ್ಮೆ ಅವರ ಯಜಮಾನರು ಕಾಯಿಲೆಯಲ್ಲಿ ಮಲಗಿದ್ದದ್ದು. ಕಿಟಕಿ ಮುಚ್ಚಿ ಪರದೆ ಬಿಟ್ಟಿತ್ತು. ರಟ್ಟಿನ ಪೆಟ್ಟಿಗೆಯಲ್ಲಿ ಹತ್ತಿ ಹಾಸಿ, ಮೇಲೆ ಫ್ಲಾನಲ್ ಹೊದೆಸಿ, ಪಕ್ಕದಲ್ಲಿ ಬಿಸಿನೀರಿನ ಬಾಟಲಿ ಇಟ್ಟರು. ಆಹಾರ ಅಕ್ಕಿ ಗಂಜಿ, ಗ್ಲೂಕೋಸ್ ನೀರು, ಡ್ರಾಪರಿನಲ್ಲಿ. ಜಯಮ್ಮ ಒಮ್ಮೆ ಮಿಡತೆಯ ಮಾತೆತ್ತಿದ್ದಕ್ಕೆ, "ಹುಷಾರಿಲ್ಲದೋರಿಗೆ ಯಾರಾದ್ರೂ ನಾನ್‌ವೆಜ್ ಕೊಡ್ತಾರಾ?" ಎಂದು ಗದರಿದರು. ನಮಗೆಲ್ಲ ಸದ್ದು ಮಾಡದಿರುವ ಆಜ್ಞೆ. ಜಯಮ್ಮ ಒಗ್ಗರಣೆ ಹಾಕುವಾಗ ಬಾಗಿಲು ಮುಚ್ಚಬೇಕು. ರಾಮಣ್ಣ ಮಿಲ್ಲಿನಿಂದ ಬಂದವನು ಚಪ್ಪಲಿ ಕೈಯಲ್ಲಿ ಹಿಡಿದು ಬೆಕ್ಕಿನಂತೆ ಒಳಗೆ ಹೋಗುತ್ತಿದ್ದ. ಮಂತ್ರಿಗಳ ಹಾಸ್ಯ ತಾನಾಗಿ ನಿಂತಿತು. ಅದೊಂದು ಉಪಕಾರವಾಯಿತು.

ಕೆಲವು ದಿನಗಳಾದ ಮೇಲೆ ಸಿಸ್ಟರ್ ನನ್ನನ್ನು ಕರೆದು ತೋರಿಸಿದರು. ಮುಖದಲ್ಲಿ ಬಹಳ ದಿನಗಳ ನಂತರ ನಗು.

"ನೋಡಿ, ಬಣ್ಣ ಸ್ಟೆಡಿ ಆಗಿದೆ. ಈಗ ಹಳದಿ ಇಲ್ಲ, ಕಪ್ಪು ಇಲ್ಲ. ಇಂಪ್ರೂವ್ ಆಗ್ತಿದಾನೆ."

ನಿಜ. ಅವನು ಒಂದೇ ಬಣ್ಣದಲ್ಲಿದ್ದ, ಒಲೆಯ ಬೂದಿಯ ಬಣ್ಣದಲ್ಲಿ. ಹಗಲು ಹೊತ್ತಿನಲ್ಲೇ ಕಣ್ಣು ಮುಚ್ಚಿಕೊಂಡಿದ್ದ. ಯಾವಾಗಲೂ ಉಬ್ಬಿಕೊಂಡು ಸುತ್ತ ತಿರುಗುತ್ತಿದ್ದ ಆ ಕಣ್ಣುಗಳು ಗುಳಿಬಿದ್ದಿದ್ದವು. ಪಕ್ಕೆಲುಬು ಎಣಿಸಬಹುದಿತ್ತು. ಯಾವ ಬಣ್ಣ ಬಂದರೂ ಗಾಬರಿಯಾಗುತ್ತಿದ್ದವರಿಗೆ ಯಾವ ಬಣ್ಣವೂ ಬಾರದಿರುವುದು ಗುಣವಾಗಿ ಕಂಡಿತ್ತು. ನಾನು "ಹೌದು ಸಿಸ್ಟರ್" ಎಂದೆ. ನಾನು ನರ್ಸಿಂಗ್ ಓದಿರಲಿಲ್ಲ.

ಅವನು ಗಂಜಿ ನುಂಗುವುದನ್ನೂ ನಿಲ್ಲಿಸಿದಾಗ ಅವರಿಗೆ ದಿಗಿಲಾಯಿತು. ಬುಟ್ಟಿಯಲ್ಲಿ ಅವನನ್ನಿಟ್ಟುಕೊಂಡು ಸರ್ಕಾರಿ ದನದ ಆಸ್ಪತ್ರೆಗೆ ಹೊರಟರು. ಪೇಷಂಟಿನ ಕಡೆಯವನಾಗಿ ನಾನು. ಅಲ್ಲಿ ಎಮ್ಮೆ, ಕರು, ಕೊಂಬು ಮುರಿದ ಒಂದು ಹೋರಿ ಸಾಲಾಗಿ ನಿಂತಿದ್ದವು. ನಮ್ಮ ಸರದಿ ಬಂದಾಗ ಡಾಕ್ಟರು ಬುಟ್ಟಿಯೊಳಗೆ ಇಣುಕಿದರು. ಅವರದು ಸಿಸ್ಟರಿಗೆ ಮಗನಾಗಬಹುದಾದ ವಯಸ್ಸು.

"ಏನಮ್ಮಾ ಇದು, ಓತಿಕ್ಯಾತಾನಾ?"

"ಗೋಸುಂಬೆ ಡಾಕ್ಟರ್." ಸಿಸ್ಟರ್ ಸ್ಟೂಲಿದ್ದರೂ ಕೂರದೆ ನೆಟ್ಟಗೆ ನಿಂತಿದ್ದರು. ರಿಪೋರ್ಟು ಒಪ್ಪಿಸುವ ದನಿಯಲ್ಲಿ ಉಷ್ಣಾಂಶ, ಆಹಾರ, ಮಲವಿಸರ್ಜನೆ ಎಲ್ಲ ಹೇಳಿದರು. ಡಾಕ್ಟರಿಗೆ ತಮ್ಮ ಜೀವಮಾನದಲ್ಲಿ ಇಷ್ಟು ಚೆನ್ನಾಗಿ ರಿಪೋರ್ಟು ಕೊಟ್ಟವರು ಸಿಕ್ಕಿರಲಾರರು. ಏನೂ ಗೊತ್ತಿಲ್ಲ ಎಂದು ಹೇಳುವುದಕ್ಕೆ ಅವರಿಗೆ ನಾಚಿಕೆಯಾಗಿರಬೇಕು.

"ಹೊಟ್ಟೇಲಿ ಹುಳ ಇದೆ. ಕರುಗೆ ಕೊಡೋ ಪುಡಿ ಇದು, ಚಿಟಿಕೆ ಕೊಡಿ. ಕತ್ತಲೆ ಕೋಣೇಲಿ ರೆಸ್ಟ್. ಗಾಳಿ ಬೆಳಕು ತಾಗಿಸ್ಬೇಡಿ."

"ಯೆಸ್ ಡಾಕ್ಟರ್."

ಹಿಂದಕ್ಕೆ ಬರುವಾಗ ಬಸ್ಸಿನಲ್ಲಿ ಸಿಸ್ಟರ್ ಬುಟ್ಟಿಯ ಮೇಲೆ ಕೈಯಿಟ್ಟುಕೊಂಡು, ತಾವು ಮಾಡಿದ್ದೆಲ್ಲ ಸರಿಯಾಗಿತ್ತೆಂದು ಡಾಕ್ಟರೇ ಹೇಳಿದರಲ್ಲ ಎಂದರು. ಆಮೇಲೆ ಕಿಟಕಿಯ ಕಡೆ ತಿರುಗಿ, ನನಗೆ ಹೇಳಿದರೋ ತಮಗೆ ಹೇಳಿಕೊಂಡರೋ, "ಇವನು ಉಳ್ಕೋಬೇಕು ಕಣ್ರೀ" ಎಂದರು. ಅವರ ಬಾಯಲ್ಲಿ ಅಪ್ಪಣೆಯೂ ರಿಪೋರ್ಟೂ ಅಲ್ಲದ ಮಾತು ಕೇಳಿದ್ದು ಅದೇ ಮೊದಲು. ನನಗೆ ಅವರನ್ನು ನೋಡಿ ಅಯ್ಯೋ ಅನ್ನಿಸಿತು. ಐದು ಮನೆಯ ಸಾಲಿನಲ್ಲಿ ನಾವೆಲ್ಲ ಅವರಿಗೆ ಹೆದರುತ್ತಿದ್ದೆವು, ಮಾತಿಗೆ ಕೂರುವವರು ಒಬ್ಬರೂ ಇರಲಿಲ್ಲ.

ಪುಡಿ ಕೊಟ್ಟ ಮರುದಿನ ಬೆಳಿಗ್ಗೆ ರೌಂಡ್ಸಿಗೆ ಅವರು ಬರಲಿಲ್ಲ. ನಾವು ನಾಲಿಗೆ ಉಗುರುಗಳೊಂದಿಗೆ ಬಾಗಿಲಲ್ಲಿ ಕಾದೆವು. ಕೊನೆಗೆ ಅವರ ಬಾಗಿಲು ತೆರೆಯಿತು. ಅಂಗೈಯಲ್ಲಿ ಅವನು ಅಂಗಾತ ಬಿದ್ದಿದ್ದ.

"ಹಿಡೀತಿಲ್ಲ ಕಣ್ರೀ" ಎಂದರು. "ಬೆರಳು ಕೊಟ್ರೂ ಹಿಡೀತಿಲ್ಲ."

ಗೋಸುಂಬೆಯ ಕಾಲು ಇಕ್ಕಳದ ಹಾಗೆ. ಹಿಡಿದರೆ ಬಿಡಿಸುವುದು ಕಷ್ಟ. ಆ ಕಾಲುಗಳು ಈಗ ಒದ್ದೆ ದಾರದಂತೆ ಜೋಲುತ್ತಿದ್ದವು. ಸಿಸ್ಟರ್ ಹೊಸ್ತಿಲ ಮೇಲೆ ನಿಂತಿದ್ದರು. ಹೊರಗೆ ಬಂದರೆ ಡಾಕ್ಟರ್ ಮಾತು ಮೀರಿದಂತೆ, ಒಳಗೆ ಹೋದರೆ ಆ ಕತ್ತಲೆ. ಅವನನ್ನು ಮಗುಚಿ ಸರಿಯಾಗಿ ಮಲಗಿಸಿ ಹಾಗೇ ನಿಂತರು. ರಾಮಣ್ಣನ ಮಾಡಿನ ಮೇಲಿಂದ ಇಳಿದ ಬಿಸಿಲು ಅವರ ಅಂಗೈಯ ಅರ್ಧಕ್ಕೆ ಬಿದ್ದಿತ್ತು.

ನಾವು ನೋಡುತ್ತಿದ್ದಂತೆ ಬಿಸಿಲು ಬಿದ್ದ ಅವನ ಒಂದು ಪಕ್ಕೆ ನಿಧಾನವಾಗಿ ಕಪ್ಪಾಯಿತು. ಇನ್ನೊಂದು ಪಕ್ಕೆ ಬೂದಿಯಾಗಿಯೇ ಇತ್ತು.

"ಅಯ್ಯೋ, ಹೋಯ್ತು!" ಎಂದಳು ಜಯಮ್ಮ.

ಸಿಸ್ಟರ್ ಅಂಗೈಯನ್ನು ಮೆಲ್ಲಗೆ ಇನ್ನೊಂದು ಕಡೆಗೆ ತಿರುಗಿಸಿದರು. ಈಗ ಆ ಪಕ್ಕೆ ಕಪ್ಪಾಗತೊಡಗಿತು. ಬಿಸಿಲಿನ ಕಡೆಗಿದ್ದ ಕಣ್ಣು, ಎಷ್ಟೋ ದಿನದಿಂದ ಮುಚ್ಚಿದ್ದದ್ದು, ಒಂದು ಎಳ್ಳಿನಷ್ಟು ತೆರೆಯಿತು. ಜೀವನವಿಡೀ ಬಣ್ಣ ಓದಿದ ಹೆಂಗಸು ಈಗ ಮೊದಲ ಸಲ ಅದನ್ನು ಅವನ ಭಾಷೆಯಲ್ಲಿ ಓದುತ್ತಿದ್ದರು.

"ಬಿಸಿಲು ಎಳ್ಕೋತಿದಾನೆ" ಎಂದರು. "ಕಪ್ಪಾಗೋದು ಕಾಯಿಲೆ ಅಲ್ಲ. ಇಷ್ಟು ದಿನ ಇವನು ಬಿಸಿಲು ಕೇಳ್ತಿದ್ದ."

ನನ್ನ ಕೆಟ್ಟ ನಾಲಿಗೆ ಸುಮ್ಮನಿರಲಿಲ್ಲ. "ಡಾಕ್ಟರ್ ಬೆಳಕು ತಾಗಿಸ್ಬೇಡಿ ಅಂದಿದ್ರಲ್ಲ ಸಿಸ್ಟರ್?"

"ಡಾಕ್ಟರ್‌ಗೇನು ಗೊತ್ತು ರೀ!"

ಜಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸಿಸ್ಟರ್ ಹೊಸ್ತಿಲು ದಾಟಿ ಅಂಗಳಕ್ಕೆ ಬಂದು, ಅವನನ್ನು ಸೀಬೆ ಮರದ ತಗ್ಗಿನ ಕೊಂಬೆಯ ಮೇಲಿಟ್ಟು, ಬೀಳದಂತೆ ಕೈ ಒಡ್ಡಿಕೊಂಡು ಸ್ಟೂಲಿನ ಮೇಲೆ ಕೂತರು. ಮಧ್ಯಾಹ್ನದವರೆಗೂ ಹಾಗೇ ಕೂತಿದ್ದರಂತೆ. ಬಿಸಿಲು ಜೋರಾದಾಗ ಎಲೆಯ ನೆರಳಿಗೆ ಸರಿಸುವುದು, ಮತ್ತೆ ಬಿಸಿಲಿಗೆ ತರುವುದು. ಡ್ರಾಪರಿನ ನೀರು ಬೇಡವೆಂದು ಮುಖ ತಿರುಗಿಸುತ್ತಿದ್ದವನು, ಅವರ ಕೈ ತಾಗಿ ನಲ್ಲಿಯ ನೀರು ಎಲೆಗಳ ಮೇಲೆ ಸಿಡಿದಾಗ ಆ ಹನಿಗಳನ್ನು ನೆಕ್ಕಿದ. ಅಂದಿನಿಂದ ಸೀಬೆ ಮರಕ್ಕೆ ಹೊತ್ತು ಹೊತ್ತಿಗೆ ಸ್ನಾನ.

ಇನ್ನು ಊಟ. ಸಾಯಂಕಾಲ ನಾನು ಬಂದಾಗ ನಮ್ಮ ಹೆಡ್ ನರ್ಸ್ ಬಿಳಿ ಸೀರೆಯನ್ನು ಮೊಣಕಾಲವರೆಗೆ ಎತ್ತಿ ಸಿಕ್ಕಿಸಿಕೊಂಡು ಪಕ್ಕದ ಖಾಲಿ ಸೈಟಿನಲ್ಲಿ ಮಿಡತೆಗಳ ಹಿಂದೆ ಕುಪ್ಪಳಿಸುತ್ತಿದ್ದರು. ದಾರಿಯಲ್ಲಿ ಹೋಗುವವರು ಸೈಕಲ್ಲಿನಿಂದ ಇಳಿದು ನೋಡಿದರು. ಸಿಸ್ಟರ್ ಅವರ ಕಡೆ ತಿರುಗಿ, "ನಿಂತು ನೋಡೋದೇನು, ಒಂದು ಹಿಡೀರಿ" ಎಂದರು. ಮರುದಿನದಿಂದ ಡ್ಯೂಟಿ ಹಾಕಿದರು. ಸೊಪ್ಪಿನ ಹುಳಿಯಲ್ಲಿ ಸಣ್ಣ ಹುಳ ಕಂಡರೆ ಊಟ ಬಿಟ್ಟೇಳುವ ನಾನು, ಆಫೀಸಿನ ಷರ್ಟಿನಲ್ಲೇ ಬಯಲಿನಲ್ಲಿ ಬಗ್ಗಿಕೊಂಡು ಕಾಫಿಪುಡಿ ಡಬ್ಬಿಗೆ ಮಿಡತೆ ತುಂಬುತ್ತಿದ್ದೆ. ರಾಮಣ್ಣ ಮಿಲ್ಲಿನಿಂದ ಊಟದ ಡಬ್ಬಿಯಲ್ಲಿ ತರುತ್ತಿದ್ದ. ಜಯಮ್ಮ ಆ ಡಬ್ಬಿಯನ್ನು ಒಳಗೆ ಸೇರಿಸಲಿಲ್ಲ, ಆದರೆ ಮಿಡತೆ ಜೀವಂತವಾಗಿದೆಯೇ ಎಂದು ಮಾತ್ರ ತಪ್ಪದೆ ವಿಚಾರಿಸುತ್ತಿದ್ದಳು. ಆರು ಗಂಟೆಯ ಹಿತ್ತಾಳೆ ಗಂಟೆಯನ್ನು ಯಾರೂ ಬಾರಿಸಲಿಲ್ಲ.

ಮೊದಮೊದಲು ಮಿಡತೆಯನ್ನು ಬಾಯಿಗಿಡಬೇಕಾಗುತ್ತಿತ್ತು. ಆಮೇಲೆ ಕಾಲುಗಳು ಕೊಂಬೆಯನ್ನು ಹಿಡಿದವು. ಒಂದು ಭಾನುವಾರ ಬೆಳಿಗ್ಗೆ ನಾವೆಲ್ಲ ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತಿದ್ದಾಗ, ಅವನು ಎರಡು ಕಣ್ಣನ್ನೂ ಒಂದೇ ಕಡೆ ತಿರುಗಿಸಿ, ತೂಗಾಡಿ, ಒಂದು ಗೇಣು ದೂರದ ನೊಣದ ಮೇಲೆ ನಾಲಿಗೆ ಬಿಟ್ಟ. ಮರುಕ್ಷಣ ನೊಣ ಅಲ್ಲಿರಲಿಲ್ಲ. ರಾಮಣ್ಣ ಶಿಳ್ಳೆ ಹೊಡೆದ. ಜಯಮ್ಮ, ಯಾರ ಮುಖ ನೋಡಿದರೆ ದರಿದ್ರವೋ ಅವನಿಗೆ ದೃಷ್ಟಿ ತೆಗೆದಳು. ಸಿಸ್ಟರ್ ಕಣ್ಣೊರೆಸಿಕೊಂಡು, ಒರೆಸಿಕೊಂಡದ್ದನ್ನು ನೋಡಿದ್ದಕ್ಕೆ ನನ್ನನ್ನು ಗದರಿದರು.

ಆಮೇಲೆ ಅವನು ಹಸಿರಾದ, ಹಳದಿಯಾದ, ಚುಕ್ಕೆ ಚುಕ್ಕೆಯಾದ. ಯಾರೂ ಗಾಬರಿಯಾಗಲಿಲ್ಲ. ದಿನದಿಂದ ದಿನಕ್ಕೆ ಎತ್ತರದ ಕೊಂಬೆಗೆ ಹೋದ. ಒಂದು ಸಂಜೆ ನಾನು ಡಬ್ಬಿ ಹಿಡಿದು ಬಂದಾಗ ಮರದಲ್ಲಿ ಅವನಿರಲಿಲ್ಲ. ಸಿಸ್ಟರ್ ಒಬ್ಬರೇ ಮರದ ಕೆಳಗೆ ಸ್ಟೂಲಿನ ಮೇಲೆ ಕೂತಿದ್ದರು. ಅವನು ಗೋಡೆ ಹತ್ತಿ, ಬಯಲಿನ ಕಡೆ ಉಳಿದಿದ್ದ ಬೇಲಿಗೆ ಇಳಿದದ್ದನ್ನು ಅವರೇ ನೋಡಿದರಂತೆ. ಅವನ ನಡಿಗೆಗೆ ಅದು ಅರ್ಧ ದಿನದ ಪ್ರಯಾಣ. ಬೇಕಾಗಿದ್ದರೆ ಎದ್ದು ಎತ್ತಿಕೊಳ್ಳಬಹುದಿತ್ತು. ಎತ್ತಿಕೊಳ್ಳಲಿಲ್ಲ.

ಅವರ ಅನುಮತಿಯಿಲ್ಲದೆ ಯಾರೂ ಡಿಸ್ಚಾರ್ಜ್ ಆಗದ ಸಾಲು ಅದು. ನಾನು ಡಬ್ಬಿಯ ಮುಚ್ಚಳ ತೆಗೆದು ಮಿಡತೆಗಳನ್ನು ಹಾರಿಬಿಟ್ಟು ಪಕ್ಕದ ಒಗೆಯುವ ಕಲ್ಲಿನ ಮೇಲೆ ಕೂತೆ. ಅವರೇ ಮಾತಾಡಿದರು.

"ನಮ್ಮೋರು ತಿಂಗಳಾನುಗಟ್ಲೆ ಆ ಕೋಣೇಲಿದ್ರು. ದಿನಾ ಕೇಳೋರು, ಒಂದ್ಗಳಿಗೆ ಹೊರಗೆ ಬಿಸಿಲಲ್ಲಿ ಕೂರಿಸೇ ಅಂತ. ನಾನು ಕಿಟಕಿ ಕೂಡ ತೆಗೀಲಿಲ್ಲ. ಕೊನೇಕೊನೆಗೆ ಕೇಳೋದನ್ನ ಬಿಟ್ರು. ನಾನು ಪೇಷಂಟ್ ಶಾಂತವಾಗಿದಾರೆ ಅಂದ್ಕೊಂಡೆ." ನನ್ನ ಕಡೆ ತಿರುಗಿದರು. "ಕೂರಿಸ್ಬಹುದಾಗಿತ್ತು, ಅಲ್ವೇನ್ರಿ?"

ಅವರು ನನ್ನನ್ನು ಅಭಿಪ್ರಾಯ ಕೇಳಿದ್ದು ಅದೊಂದೇ ಸಲ. ಸಮಾಧಾನಕ್ಕೆಂದು, "ನೀವೇನು ಮಾಡೋಕಾಗ್ತಿತ್ತು ಸಿಸ್ಟರ್, ಡಾಕ್ಟರ್ ಬೇಡ ಅಂದಿದ್ರೇನೋ" ಎಂದೆ.

"ಅಂದಿದ್ರು" ಎಂದರು. "ಡಾಕ್ಟರ್ ಹೇಳಿ ಹೋಗ್ಬಿಟ್ರು. ನಮ್ಮೋರ ಕೈ ಹಿಡ್ಕೊಂಡು ಕೂತಿದ್ದೋಳು ನಾನು."